ಮೊದಲು ಮನೆ, ಆಮೇಲೆ ನೀರು: ಬೆಂಗಳೂರು ಬೆಳೆದ ಬಗೆ

ಬೆಂಗಳೂರು ಮಹಾನಗರ ಪಾಲಿಕೆಗೆ ಸುತ್ತಲಿನ ಏಳು ನಗರಸಭೆಗಳು, ಕೆಂಗೇರಿ ಪುರಸಭೆ ಮತ್ತು 110 ಹಳ್ಳಿಗಳನ್ನು ಸೇರಿಸಿ ‘ಬೃಹತ್’ ಎಂಬ ಹೆಸರು ಕೊಟ್ಟದ್ದು 2007ರಲ್ಲಿ. ಅಂದಿನಿಂದ ಆ ಹಳ್ಳಿಗಳು ಲೆಕ್ಕದಲ್ಲಿ ನಗರವಾದವು. ಪಾಲಿಕೆಗೆ ಆಸ್ತಿ ತೆರಿಗೆ ಕಟ್ಟಿದವು, ವಾರ್ಡುಗಳಾಗಿ ಹಂಚಿಹೋದವು. ಹೊಲಗಳು ಲೇಔಟುಗಳಾದವು, ಲೇಔಟುಗಳಲ್ಲಿ ಅಪಾರ್ಟ್‌ಮೆಂಟುಗಳು ಎದ್ದವು. ಆ 110 ಹಳ್ಳಿಗಳಿಗೆಂದೇ ರೂಪಿಸಿದ ಕಾವೇರಿ ಐದನೇ ಹಂತದ ಯೋಜನೆ ಉದ್ಘಾಟನೆಯಾದದ್ದು 2024ರ ಅಕ್ಟೋಬರ್ 16ರಂದು. ಊರು ಪಾಲಿಕೆಗೆ ಸೇರಿದ ವರ್ಷ ಹುಟ್ಟಿದ ಮಗು ಪಿಯುಸಿ ಮುಟ್ಟುವ ಹೊತ್ತಿಗೆ ನದಿಯ ನೀರು ಆ ಕಡೆ ಹರಿಯಲು ಶುರುವಾಯಿತು.

ವೇಗವಾಗಿ ಬೆಳೆಯುವ ನಗರಗಳ ಬಗ್ಗೆ ಮಾತಾಡುವಾಗ ನಾವು ಸಾಮಾನ್ಯವಾಗಿ ಜನಸಂಖ್ಯೆಯನ್ನು ದೂರುತ್ತೇವೆ. ಎಲ್ಲೆಲ್ಲಿಂದಲೋ ಜನ ಬಂದು ತುಂಬಿಕೊಂಡರು, ಊರು ಕೆಟ್ಟಿತು ಎನ್ನುತ್ತೇವೆ. ನನಗೆ ಮೇಲಿನ ಆ 17 ವರ್ಷಗಳೇ ಹೆಚ್ಚು ಮುಖ್ಯವಾಗಿ ಕಾಣುತ್ತವೆ. ಜನ ಬರುವುದನ್ನು ಯಾವ ದೇಶವೂ ತಡೆದು ಗೆದ್ದಿಲ್ಲ, ತಡೆಯಬೇಕಾಗಿಯೂ ಇಲ್ಲ. ಬಂದವರು ನೆಲೆ ನಿಲ್ಲುವ ಕ್ರಮ ತಲೆಕೆಳಗಾಗಿರುವುದರಲ್ಲೇ ತೊಂದರೆಯ ಬೇರು ಇದೆ. ಮೊದಲು ಸೈಟು ಮಾರಾಟ, ಆಮೇಲೆ ಮನೆ, ಆಮೇಲೆ ಬೋರ್‌ವೆಲ್, ಅದು ಬತ್ತಿದ ಮೇಲೆ ಟ್ಯಾಂಕರ್, ಮಳೆ ನುಗ್ಗಿದ ಮೇಲೆ ಚರಂಡಿಯ ಹುಡುಕಾಟ, ಎಲ್ಲಕ್ಕಿಂತ ಕೊನೆಗೆ ನಕ್ಷೆ. ಬೆಂಗಳೂರನ್ನು ಮುಂದಿಟ್ಟುಕೊಂಡು ಈ ಮಾತನ್ನು ಪರಿಶೀಲಿಸುತ್ತೇನೆ, ಅಗತ್ಯ ಬಿದ್ದಲ್ಲಿ ಬೇರೆ ದೇಶಗಳ ಕಡೆಗೂ ನೋಡುತ್ತೇನೆ.

1950ರಲ್ಲಿ ಜಗತ್ತಿನ ಜನರಲ್ಲಿ ಶೇ 30ರಷ್ಟು ಮಂದಿ ಮಾತ್ರ ನಗರವಾಸಿಗಳು. ವಿಶ್ವಸಂಸ್ಥೆಯ 2018ರ ಅಂದಾಜಿನಲ್ಲಿ ಆ ಪ್ರಮಾಣ ಶೇ 55ಕ್ಕೆ ಏರಿತ್ತು, 2050ರ ವೇಳೆಗೆ ಶೇ 68 ಆಗಬಹುದು. ಆ ಏರಿಕೆಯ ಮೂರನೇ ಒಂದಕ್ಕಿಂತ ಹೆಚ್ಚು ಪಾಲು ಭಾರತ, ಚೀನಾ, ನೈಜೀರಿಯಾ ಈ ಮೂರೇ ದೇಶಗಳದ್ದು. ಲಂಡನ್ ನಗರ 1801ರಲ್ಲಿ ಸುಮಾರು 10 ಲಕ್ಷದಿಂದ ಹೊರಟು 65 ಲಕ್ಷ ತಲುಪಲು ನೂರು ವರ್ಷ ತೆಗೆದುಕೊಂಡಿತು. ನಡುವೆ ಕಾಲರಾ ಬಂತು, 1858ರಲ್ಲಿ ಥೇಮ್ಸ್ ನದಿಯ ದುರ್ನಾತಕ್ಕೆ ಸಂಸತ್ತೇ ಕಂಗಾಲಾಯಿತು, ಅದಾದ ಮೇಲೆ ಊರಿನಡಿ ಒಳಚರಂಡಿಯ ಜಾಲ ಹಬ್ಬಿತು. ಅದಕ್ಕೆಲ್ಲ ಒಂದು ಸಾಮ್ರಾಜ್ಯದ ಸಂಪತ್ತು ಬೆನ್ನಿಗಿತ್ತು. ಬೆಂಗಳೂರು 1951ರ ಸುಮಾರು 7.8 ಲಕ್ಷದಿಂದ 2011ರ ಸುಮಾರು 85 ಲಕ್ಷಕ್ಕೆ ಬಂದದ್ದು ಅರುವತ್ತೇ ವರ್ಷಗಳಲ್ಲಿ. ಢಾಕಾ, ಲಾಗೋಸ್ ನಗರಗಳು ಇದಕ್ಕಿಂತಲೂ ವೇಗವಾಗಿ ಬೆಳೆದಿವೆ. ಕಾಲವೂ ಕಡಿಮೆ, ಕೈಯಲ್ಲಿನ ಕಾಸೂ ಕಡಿಮೆ. ಈ ಎರಡು ಕೊರತೆಗಳನ್ನು ಒಪ್ಪಿಕೊಂಡೇ ಮುಂದಿನ ಮಾತು ಆಡಬೇಕು.

ಕಾರಣಗಳ ಪಟ್ಟಿಯಲ್ಲಿ ವಲಸೆಯೇ ಎಲ್ಲ ಎಂಬ ನಂಬಿಕೆಯನ್ನು ಸ್ವಲ್ಪ ತಿದ್ದಿಕೊಳ್ಳಬೇಕಾಗಿದೆ. ಭಾರತದಲ್ಲಿ 2001ರಿಂದ 2011ರ ನಡುವೆ ಏರಿದ ನಗರ ಜನಸಂಖ್ಯೆಯಲ್ಲಿ ಸುಮಾರು ಶೇ 44ರಷ್ಟು ನಗರಗಳಲ್ಲೇ ಹುಟ್ಟಿದವರಿಂದ ಬಂದದ್ದು. ಉಳಿದದ್ದರಲ್ಲಿ ದೊಡ್ಡ ಪಾಲು, ಹಳ್ಳಿ ಎನಿಸಿಕೊಂಡಿದ್ದ ಊರೇ ನಿಂತಲ್ಲಿ ಪಟ್ಟಣವಾಗಿ ಬದಲಾದದ್ದು. ಜನಗಣತಿಯವರು ಪಟ್ಟಣವೆಂದು ಗುರುತಿಸಿದ, ಆದರೆ ಆಡಳಿತದಲ್ಲಿ ಇನ್ನೂ ಗ್ರಾಮ ಪಂಚಾಯಿತಿಯಾಗಿಯೇ ಉಳಿದ ಊರುಗಳಿಗೆ ‘ಜನಗಣತಿ ಪಟ್ಟಣ’ ಎನ್ನುತ್ತಾರೆ. 2001ರಲ್ಲಿ ದೇಶದಲ್ಲಿ ಇಂಥವು 1,362 ಇದ್ದವು, 2011ರಲ್ಲಿ 3,900ರ ಹತ್ತಿರ ಬಂದವು. ಜನ ನಗರಕ್ಕೆ ಹೋದರು ಎನ್ನುವಷ್ಟೇ ನಿಜ, ನಗರವೇ ಜನರಿದ್ದಲ್ಲಿಗೆ ಬಂತು ಎನ್ನುವುದು. ಅಂಥ ಊರಿನ ಪಂಚಾಯಿತಿಯಲ್ಲಿ ಒಬ್ಬ ಪಿಡಿಒ, ಒಬ್ಬ ಕರ ವಸೂಲಿಗಾರ, ಒಬ್ಬ ನೀರುಗಂಟಿ ಇರುತ್ತಾರೆ. ಅಲ್ಲಿ ಹತ್ತು ಮಹಡಿಯ ಕಟ್ಟಡ ಏಳುತ್ತದೆ.

ಬೆಂಗಳೂರು ಬೆಳೆದದ್ದು ಸಾಫ್ಟ್‌ವೇರ್‌ನಿಂದ ಎಂಬುದೂ ಪೂರ್ತಿ ನಿಜವಲ್ಲ. ಶೇಕಡಾವಾರು ನೋಡಿದರೆ ಅತಿ ವೇಗದ ದಶಕಗಳು ಅದಕ್ಕೂ ಹಿಂದಿನವು. 1941ರಿಂದ 1951ರ ನಡುವೆ ಜನಸಂಖ್ಯೆ ಹೆಚ್ಚುಕಡಿಮೆ ಇಮ್ಮಡಿಯಾಯಿತು. ಎಚ್‌ಎಎಲ್ 1940ರಲ್ಲಿ ಬಂದಿತ್ತು, ಐಟಿಐ 1948ರಲ್ಲಿ, ಆಮೇಲೆ ಎಚ್‌ಎಂಟಿ, ಬಿಇಎಲ್. 1971ರಿಂದ 1981ರ ದಶಕದ ಏರಿಕೆ ಶೇ 76, ಅಂದಿನ ಭಾರತದ ಮಹಾನಗರಗಳಲ್ಲೇ ಅತಿ ಹೆಚ್ಚು. ಆಗಿನ್ನೂ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬಂದಿರಲಿಲ್ಲ, ಅದು ಬಂದದ್ದು 1985ರಲ್ಲಿ. ಸಾರ್ವಜನಿಕ ವಲಯದ ಕಾರ್ಖಾನೆಗಳು, ಅವುಗಳಿಗೆ ಬಿಡಿಭಾಗ ಮಾಡಿಕೊಡುವ ಪೀಣ್ಯದ ಸಣ್ಣ ಶೆಡ್ಡುಗಳು, ಸಂಶೋಧನಾ ಸಂಸ್ಥೆಗಳು, ಆಮೇಲೆ ಮೈಸೂರು ರಸ್ತೆ ಮತ್ತು ಬೊಮ್ಮನಹಳ್ಳಿಯ ಗಾರ್ಮೆಂಟ್ಸ್ ಫ್ಯಾಕ್ಟರಿಗಳು, ಇವೆಲ್ಲ ಸೇರಿ ಊರನ್ನು ದೊಡ್ಡದು ಮಾಡಿದವು. ಐಟಿ ಬಂದದ್ದು ಆಗಲೇ ಕಟ್ಟಿದ್ದ ಈ ಜಗಲಿಯ ಮೇಲೆ. ಅದು ತಂದದ್ದು ಮುಖ್ಯವಾಗಿ ಭೂಮಿಯ ಬೆಲೆ ಮತ್ತು ನಗರದ ಹೊರ ಅಂಚಿನಲ್ಲಿ ಕಟ್ಟುವ ಅವಸರ.

ಇನ್ನೊಂದು ಕಡೆ ತಳ್ಳುವ ಬಲವೂ ಇದೆ. ರಾಜ್ಯದ ಒಟ್ಟು ಉತ್ಪನ್ನದ ಮೂರನೇ ಒಂದಕ್ಕಿಂತ ಹೆಚ್ಚು ಪಾಲು ಬೆಂಗಳೂರು ನಗರ ಜಿಲ್ಲೆಯೊಂದರಿಂದಲೇ ಬರುತ್ತದೆ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ 114 ತಾಲ್ಲೂಕುಗಳನ್ನು ಹಿಂದುಳಿದವು ಎಂದು ಗುರುತಿಸಿತು, ಅವುಗಳಲ್ಲಿ 39 ಅತ್ಯಂತ ಹಿಂದುಳಿದವು. ರಾಯಚೂರು, ಯಾದಗಿರಿ, ಕಲಬುರಗಿಯಿಂದ ಪ್ರತಿವರ್ಷ ಗುಳೆ ಹೊರಡುವ ಕುಟುಂಬಗಳು ಬೆಂಗಳೂರಿನ ಕಟ್ಟಡಗಳ ಬುಡದಲ್ಲಿ ನೀಲಿ ತಾಡಪಾಲಿನ ಶೆಡ್ಡುಗಳಲ್ಲಿ ಇರುತ್ತವೆ. ಈಗ ಅವರ ಜೊತೆಗೆ ಒಡಿಶಾ, ಬಂಗಾಳ, ಬಿಹಾರದವರೂ ಇದ್ದಾರೆ. ಮಳೆ ಬಂದು ಊರಿನಲ್ಲಿ ಬಿತ್ತನೆ ಶುರುವಾದರೆ ಕೆಲವರು ಹಿಂದಿರುಗುತ್ತಾರೆ, ಮಳೆ ಕೈಕೊಟ್ಟರೆ ಇಲ್ಲೇ ಉಳಿಯುತ್ತಾರೆ. ಕೃಷ್ಣಾ ಕಣಿವೆಯ ಒಂದು ಹೊಲದ ನೀರಾವರಿಗೂ ಬೆಳ್ಳಂದೂರಿನ ಒಂದು ಶೆಡ್ಡಿಗೂ ನೇರ ಸಂಬಂಧವಿದೆ. ನಗರ ಯೋಜನೆಯ ಪುಸ್ತಕಗಳಲ್ಲಿ ಈ ಸಂಬಂಧ ಸಾಕಷ್ಟು ಕಾಣುವುದಿಲ್ಲ.

ನಗರಕ್ಕೆ ಇವರು ಬೇಕು, ಆದರೆ ಇವರಿಗೆ ನಗರದಲ್ಲಿ ಜಾಗ ಇಲ್ಲ. 2020ರ ಮೇ ತಿಂಗಳಲ್ಲಿ ಲಾಕ್‌ಡೌನ್ ನಡುವೆ ಊರಿಗೆ ಹೊರಟ ಕಾರ್ಮಿಕರ ವಿಶೇಷ ರೈಲುಗಳನ್ನು ರಾಜ್ಯ ಸರ್ಕಾರ ರದ್ದು ಮಾಡಿತು. ಅದೇ ದಿನ ಕಟ್ಟಡ ನಿರ್ಮಾಣ ಉದ್ಯಮಿಗಳ ಜೊತೆ ಸಭೆ ನಡೆದಿತ್ತು. ದೇಶದಾದ್ಯಂತ ಟೀಕೆ ಬಂದ ಮೇಲೆ ರೈಲುಗಳು ಮತ್ತೆ ಹೊರಟವು. ಅದಕ್ಕೂ ಹಿಂದೆ, 2013ರ ಜನವರಿಯ ಚಳಿಯಲ್ಲಿ, ಈಜಿಪುರದ ಬಡವರ ವಸತಿಯಿಂದ ಸಾವಿರಕ್ಕೂ ಹೆಚ್ಚು ಕುಟುಂಬಗಳನ್ನು ತೆರವು ಮಾಡಲಾಗಿತ್ತು. ಮೇಸ್ತ್ರಿ, ಗಾರೆ ಕೆಲಸದವರು, ಮನೆಗೆಲಸದವರು, ಪೌರಕಾರ್ಮಿಕರು ಎಲ್ಲಿ ಮಲಗಬೇಕು ಎಂಬ ಪ್ರಶ್ನೆಗೆ ಬೆಂಗಳೂರಿನ ಯಾವ ಮಾಸ್ಟರ್ ಪ್ಲಾನ್ ಕೂಡ ಸರಿಯಾದ ಉತ್ತರ ಕೊಟ್ಟಿಲ್ಲ. ಹೀಗಾಗಿ ಅವರು ಮಲಗುವ ಜಾಗ ಸಾಮಾನ್ಯವಾಗಿ ರಾಜಕಾಲುವೆಯ ದಂಡೆ, ಕೆರೆಯ ಅಂಚು. ಪ್ರವಾಹ ಬಂದಾಗ ಮೊದಲು ಮುಳುಗುವುದೂ ಅದೇ ಜಾಗ.

ಈಗ ಭೂಮಿಯ ವಿಚಾರ. ಇಡೀ ಪ್ರಶ್ನೆಯ ಗಂಟು ಇಲ್ಲಿದೆ ಎಂದು ನಾನು ನಂಬಿರುವುದರಿಂದ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ.

ಬೆಂಗಳೂರಿಗೆ ಸರಿಯಾದ ಕ್ರಮ ಗೊತ್ತಿಲ್ಲದೆ ಇರಲಿಲ್ಲ. 1898ರ ಪ್ಲೇಗಿನ ಆಸುಪಾಸಿನಲ್ಲಿ ಬೆಳೆದ ಬಸವನಗುಡಿ, ಮಲ್ಲೇಶ್ವರಗಳಲ್ಲಿ ಮೊದಲು ರಸ್ತೆ, ಚರಂಡಿ, ಮನೆಯ ಹಿಂಬದಿಯ ಗಲ್ಲಿ, ದೇವಸ್ಥಾನ, ಉದ್ಯಾನಗಳ ಜಾಗ ಗುರುತಾದವು, ಆಮೇಲೆ ನಿವೇಶನ ಹಂಚಿದರು. ಅಲ್ಲಿ ಜಾತಿವಾರು ವಿಂಗಡಣೆಯೂ ಇತ್ತು, ಅದನ್ನು ಮೆಚ್ಚಲಾಗದು. ಆದರೆ ಮನೆಗಿಂತ ಮೊದಲು ಚರಂಡಿ ಎಂಬ ತತ್ತ್ವ ಮಾತ್ರ ಸರಿಯಾಗಿತ್ತು. 1945ರಲ್ಲಿ ಬಂದ ನಗರ ಸುಧಾರಣಾ ಟ್ರಸ್ಟ್ ಮಂಡಳಿ ಜಯನಗರದಂಥ ಬಡಾವಣೆಗಳಲ್ಲಿ ಇದನ್ನೇ ದೊಡ್ಡದಾಗಿ ಮಾಡಿತು. 1976ರ ಕಾಯ್ದೆಯಿಂದ ಅದರ ಜಾಗಕ್ಕೆ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ, ಅಂದರೆ ಬಿಡಿಎ, ಬಂತು.

ಅಲ್ಲಿಂದಾಚೆ ಬೇಡಿಕೆ ಓಡಿತು, ಪ್ರಾಧಿಕಾರ ಹಿಂದೆ ಉಳಿಯಿತು. ರೈತನ ಭೂಮಿಯನ್ನು ಕಡಿಮೆ ಪರಿಹಾರಕ್ಕೆ ವಶಪಡಿಸಿಕೊಂಡು ನಿವೇಶನ ಮಾಡಿ ಹಂಚುವ ಮಾದರಿ ಅದು. ರೈತ ಕೋರ್ಟಿಗೆ ಹೋಗುತ್ತಾನೆ. ಪ್ರಭಾವ ಇದ್ದವರ ಜಮೀನು ಡಿನೋಟಿಫೈ ಆಗುತ್ತದೆ. ಉಳಿದದ್ದು ಹರಿದ ಬಟ್ಟೆಯಂತೆ ತೂತುತೂತಾಗಿ ಕೈಗೆ ಬರುತ್ತದೆ. ಅರ್ಕಾವತಿ ಬಡಾವಣೆಯ ಮೊದಲ ಅಧಿಸೂಚನೆ ಹೊರಟದ್ದು 2003ರಲ್ಲಿ, ಎರಡು ದಶಕ ದಾಟಿದರೂ ಅದರ ಜಗಳ ಮುಗಿದಿಲ್ಲ. ಬಿಡಿಎ ಸೈಟಿಗೆ ಅರ್ಜಿ ಹಾಕಿದ ಗುಮಾಸ್ತ ನಿವೃತ್ತನಾದರೂ ಸೈಟು ಸಿಗದ ಉದಾಹರಣೆಗಳು ಎಲ್ಲರ ಬಂಧುಬಳಗದಲ್ಲೂ ಇವೆ.

ಆ ಖಾಲಿ ಜಾಗವನ್ನು ತುಂಬಿದ್ದು ರೆವಿನ್ಯೂ ಸೈಟು. ಊರಂಚಿನ ರೈತನಿಗೆ ಎರಡು ಭಯ: ಪ್ರಾಧಿಕಾರ ಭೂಮಿಯನ್ನು ಯಾವಾಗ ಬೇಕಾದರೂ ತೆಗೆದುಕೊಳ್ಳಬಹುದು, ಕೊಟ್ಟ ಪರಿಹಾರ ಮಕ್ಕಳ ಮದುವೆಗೂ ಸಾಲದು. ಹೀಗಾಗಿ ಅವನು ಏಜೆಂಟನಿಗೆ ಜಿಪಿಎ, ಅಂದರೆ ಮಾರುವ ಅಧಿಕಾರದ ಪತ್ರ, ಬರೆದುಕೊಡುತ್ತಾನೆ. ಏಜೆಂಟ್ ಸುಣ್ಣದ ಪುಡಿಯಲ್ಲಿ ಗೆರೆ ಎಳೆದು, ಕಲ್ಲು ನೆಟ್ಟು, 20-30, 30-40 ಅಳತೆಯ ಸೈಟುಗಳನ್ನು ಮಾರುತ್ತಾನೆ. ಭೂಪರಿವರ್ತನೆ ಇಲ್ಲ, ಅನುಮೋದಿತ ನಕ್ಷೆ ಇಲ್ಲ. ರಸ್ತೆಗೆ ಎಷ್ಟು ಕಡಿಮೆ ಬಿಟ್ಟರೆ ಅಷ್ಟು ಲಾಭ. ಪಾರ್ಕು, ಶಾಲೆ, ಆಸ್ಪತ್ರೆಗೆ ಬಿಡಬೇಕಾದ ಸಿಎ ಜಾಗ ಎಂಬುದೇ ಇಲ್ಲ. ಜೀವಮಾನದ ಉಳಿತಾಯ ಹಾಕಿ ಅದನ್ನು ಕೊಳ್ಳುವವರು ಬಸ್ ಕಂಡಕ್ಟರ್, ಟೈಲರ್, ಶಾಲೆಯ ಮೇಷ್ಟ್ರು, ಫ್ಯಾಕ್ಟರಿಯ ಟರ್ನರ್. ಅವರು ಮಾಡಿದ್ದು ಅಕ್ರಮ ಎಂದು ಕಾನೂನು ಹೇಳುತ್ತದೆ. ಸಕ್ರಮವಾದ ಸೈಟು ಅವರ ಸಂಬಳಕ್ಕೆ ಎಟಕುವ ಬೆಲೆಯಲ್ಲಿ ಎಲ್ಲಿತ್ತು ಎಂಬ ಪ್ರಶ್ನೆಗೆ ಕಾನೂನಿನಲ್ಲಿ ಉತ್ತರ ಇಲ್ಲ. ಇವರನ್ನು ಭೂಗಳ್ಳರ ಸಾಲಿಗೆ ಸೇರಿಸಿ ಬೈಯುವ ಮಾತುಗಳನ್ನು ನಾನು ಒಪ್ಪುವುದಿಲ್ಲ.

ಆಮೇಲೆ ಶುರುವಾಗುತ್ತದೆ ಸರ್ಕಾರದ ಪಾತ್ರ. ಇಂಥ ಆಸ್ತಿಗಳನ್ನು ಬಿ ವಹಿಯಲ್ಲಿ ನಮೂದಿಸಿ ತೆರಿಗೆ ಕಟ್ಟಿಸಿಕೊಳ್ಳುತ್ತಾರೆ. ಜನರ ಬಾಯಲ್ಲಿ ಅದು ಬಿ-ಖಾತೆ. ತೆರಿಗೆ ಕಟ್ಟಬಹುದು, ಆದರೆ ನಕ್ಷೆ ಮಂಜೂರಾಗುವುದಿಲ್ಲ, ಬ್ಯಾಂಕ್ ಸಾಲ ಸುಲಭವಲ್ಲ. 2007ರಲ್ಲಿ ಅಕ್ರಮ-ಸಕ್ರಮಕ್ಕೆ ಕಾಯ್ದೆ ತಿದ್ದುಪಡಿಯಾಯಿತು, ವರ್ಷಗಟ್ಟಲೆ ನ್ಯಾಯಾಲಯದಲ್ಲಿ ಓಡಾಡಿ 2017ರಲ್ಲಿ ಸುಪ್ರೀಂ ಕೋರ್ಟ್ ತಡೆಯಾಜ್ಞೆಗೆ ಸಿಕ್ಕಿತು. 2025ರಲ್ಲಿ ಬಿ-ಖಾತೆಯನ್ನು ಎ-ಖಾತೆ ಮಾಡುವ ಮತ್ತೊಂದು ಯೋಜನೆ ಬಂದಿದೆ. ಮನೆ ಕಟ್ಟಿ ಕೂತವರಿಗೆ ಕಾಗದ ಕೊಡುವುದು ನ್ಯಾಯವೇ. ಆದರೆ ಒಂದು ಸಕ್ರಮದ ಸುದ್ದಿ ಹರಡಿದ ತಕ್ಷಣ ಹೊರವಲಯದಲ್ಲಿ ಮುಂದಿನ ಸಕ್ರಮದ ಭರವಸೆಯ ಮೇಲೆ ಹೊಸ ಸೈಟುಗಳು ಮಾರಾಟವಾಗುತ್ತವೆ. ಕಾಗದ ಸರಿಯಾದರೂ 15 ಅಡಿ ರಸ್ತೆಯನ್ನು 30 ಅಡಿ ಮಾಡಲಾಗುವುದಿಲ್ಲ, ಆಂಬುಲೆನ್ಸ್ ತಿರುಗುವುದಿಲ್ಲ.

ನಕ್ಷೆಯ ಕಥೆಯೂ ಹೀಗೇ. 2007ರಲ್ಲಿ ಜಾರಿಗೆ ಬಂದ ಪರಿಷ್ಕೃತ ಮಾಸ್ಟರ್ ಪ್ಲಾನ್ 2015ರವರೆಗಿನದು. ಅದರ ಮುಂದಿನದಾದ 2031ರ ಕರಡು 2017ರಲ್ಲಿ ಪ್ರಕಟವಾಗಿ, 2020ರಲ್ಲಿ ಹಿಂದಕ್ಕೆ ಹೋಯಿತು. ಅವಧಿ ಮುಗಿದ ನಕ್ಷೆಯ ಮೇಲೇ ದೇಶದ ಅತಿ ವೇಗದ ಮಹಾನಗರಗಳಲ್ಲಿ ಒಂದು ಬೆಳೆಯುತ್ತ ಹೋಯಿತು.

ನೀರಿಗೆ ಬರೋಣ. ಕಡಲಮಟ್ಟದಿಂದ 900 ಮೀಟರ್ ಎತ್ತರದ ದಿಬ್ಬದ ಮೇಲೆ, ದೊಡ್ಡ ನದಿಯಿಲ್ಲದೆ ಕೂತ ಊರು ಬೆಂಗಳೂರು. ಅದಕ್ಕೇ ಹಿಂದಿನವರು ಕೆರೆ ಕಟ್ಟಿದರು. ಒಂದರ ಕೋಡಿ ಇನ್ನೊಂದಕ್ಕೆ ಹರಿಯುವಂತೆ ಹೆಬ್ಬಾಳ, ಕೋರಮಂಗಲ-ಚಲ್ಲಘಟ್ಟ, ವೃಷಭಾವತಿ ಕಣಿವೆಗಳಲ್ಲಿ ಸಾಲುಸಾಲಾಗಿ ಕಟ್ಟಿದರು. 1890ರ ದಶಕದಲ್ಲಿ ಹೆಸರಘಟ್ಟದ ನೀರು ಬಂತು, 1933ರಲ್ಲಿ ತಿಪ್ಪಗೊಂಡನಹಳ್ಳಿಯದು. ಅರ್ಕಾವತಿಯ ಜಲಾನಯನದಲ್ಲಿ ಕಟ್ಟಡ, ನೀಲಗಿರಿ ತೋಪು, ಬೋರ್‌ವೆಲ್ ಎಲ್ಲ ಸೇರಿ ಆ ಎರಡೂ ಮೂಲಗಳು ಸೊರಗಿದವು. 1974ರಿಂದ ಕಾವೇರಿ. ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್ ದೂರ, ಸುಮಾರು 500 ಮೀಟರ್ ಎತ್ತರಕ್ಕೆ, ನಡುವೆ ಹಾರೋಹಳ್ಳಿ, ತಾತಗುಣಿಗಳಲ್ಲಿ ಮತ್ತೆ ಮೇಲೆತ್ತಿ ತರುವ ನೀರು ಅದು. ಜಲಮಂಡಳಿಯ ಖರ್ಚಿನಲ್ಲಿ ದೊಡ್ಡ ಪಾಲು ವಿದ್ಯುತ್ ಬಿಲ್ಲಿಗೇ ಹೋಗುತ್ತದೆ. ಐದನೇ ಹಂತಕ್ಕೆ ಮೊದಲು ದಿನಕ್ಕೆ 145 ಕೋಟಿ ಲೀಟರ್ ಬರುತ್ತಿತ್ತು, ಈಗ ಅದಕ್ಕೆ 77.5 ಕೋಟಿ ಲೀಟರ್ ಸೇರಿದೆ.

ಈ ನೀರಿನ ಹಿಂದೆ ಮಂಡ್ಯದ ರೈತನ ಹೊಲ ಇದೆ, ತಮಿಳುನಾಡಿನ ಮೆಟ್ಟೂರು ಜಲಾಶಯದ ಕೆಳಗಿನ ರೈತನದ್ದೂ ಇದೆ. ಕಾವೇರಿ ನ್ಯಾಯಮಂಡಳಿ 2007ರಲ್ಲಿ ಬೆಂಗಳೂರಿನ ಮೂರನೇ ಒಂದು ಭಾಗ ಮಾತ್ರ ಕಾವೇರಿ ಕಣಿವೆಗೆ ಸೇರಿದ್ದು ಎಂದು ಅಷ್ಟಕ್ಕೇ ನೀರಿನ ಲೆಕ್ಕ ಹಾಕಿತ್ತು. 2018ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಕರ್ನಾಟಕಕ್ಕೆ ಹೆಚ್ಚುವರಿಯಾಗಿ ಕೊಟ್ಟ 14.75 ಟಿಎಂಸಿಯಲ್ಲಿ 4.75 ಟಿಎಂಸಿ ಬೆಂಗಳೂರಿನ ಕುಡಿಯುವ ನೀರಿಗೆಂದೇ ಮೀಸಲು. ಇನ್ನೊಂದು ಹಂತ, ಮತ್ತೊಂದು ಹಂತ ಎಂದು ನದಿಯನ್ನು ಎಳೆಯುತ್ತ ಹೋಗಲು ಇನ್ನು ಹೆಚ್ಚು ಜಾಗ ಉಳಿದಿಲ್ಲ ಎಂಬುದು ಈ ಅಂಕಿಯಲ್ಲೇ ಇದೆ.

ನದಿಯ ನೀರು ಮುಟ್ಟದ ಕಡೆ ಬೋರ್‌ವೆಲ್. 2023ರಲ್ಲಿ ಮಳೆ ಕಡಿಮೆಯಾಯಿತು. 2024ರ ಬೇಸಿಗೆಯಲ್ಲಿ ನಗರದ ಸುಮಾರು 14,000 ಸರ್ಕಾರಿ ಬೋರ್‌ವೆಲ್‌ಗಳಲ್ಲಿ ಅರ್ಧದಷ್ಟು ಬತ್ತಿವೆ ಎಂದು ಸರ್ಕಾರವೇ ಹೇಳಿತು. ಟ್ಯಾಂಕರ್ ದರಕ್ಕೆ ಮಿತಿ ಹಾಕಬೇಕಾಯಿತು. ಆ ಬೇಸಿಗೆಯ ಸುದ್ದಿಯಲ್ಲಿ ದೊಡ್ಡ ಅಪಾರ್ಟ್‌ಮೆಂಟುಗಳ ಪರದಾಟ ಹೆಚ್ಚು ಕಾಣಿಸಿತು. ಆದರೆ ಬಿಂದಿಗೆಯ ಲೆಕ್ಕದಲ್ಲಿ ನೀರು ಕೊಳ್ಳುವ ಶೆಡ್ಡಿನವರು ಲೀಟರಿಗೆ ಕೊಡುವ ಬೆಲೆ ನಲ್ಲಿ ಇರುವ ಮನೆಯವರಿಗಿಂತ ಎಷ್ಟೋ ಪಟ್ಟು ಹೆಚ್ಚು. ಢಾಕಾದಲ್ಲೂ, ಲಾಗೋಸ್‌ನಲ್ಲೂ, ನೈರೋಬಿಯಲ್ಲೂ ಇದೇ ಸ್ಥಿತಿ. ಕೊಳವೆ ತಡವಾಗಿ ಬರುವ ನಗರಗಳಲ್ಲಿ ಆ ತಡದ ಬೆಲೆಯನ್ನು ಬಡವರೇ ದಿನಕೂಲಿಯಿಂದ ತೆರುತ್ತಾರೆ.

ಬಂದ ನೀರು ಹೋಗಬೇಕಲ್ಲ. ಧರ್ಮಾಂಬುಧಿ ಕೆರೆ ಮೆಜೆಸ್ಟಿಕ್ಕಿನ ಬಸ್ ನಿಲ್ದಾಣವಾಯಿತು, ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣ, ಅಕ್ಕಿತಿಮ್ಮನಹಳ್ಳಿ ಕೆರೆ ಹಾಕಿ ಕ್ರೀಡಾಂಗಣ. ಇವನ್ನು ಮಾಡಿದವರು ಒತ್ತುವರಿದಾರರಲ್ಲ, ಸರ್ಕಾರದವರೇ. ಎನ್. ಲಕ್ಷ್ಮಣರಾವ್ ಸಮಿತಿ 1980ರ ದಶಕದಲ್ಲೇ ಕೆರೆ ಉಳಿಸಿ ಎಂದಿತ್ತು. ಆಮೇಲೆ ಎ.ಟಿ. ರಾಮಸ್ವಾಮಿ ಸಮಿತಿ ಒತ್ತುವರಿಗಳ ಲೆಕ್ಕ ಕೊಟ್ಟಿತು, ಕೆ.ಬಿ. ಕೋಳಿವಾಡ ಸಮಿತಿಯೂ ಕೊಟ್ಟಿತು. ಬೆಳ್ಳಂದೂರು ಕೆರೆಗೆ ಕೊಳಚೆ ಹರಿದು ನೊರೆ ಎದ್ದು, 2015, 2017, 2018ರಲ್ಲಿ ನೀರಿನ ಮೇಲೇ ಬೆಂಕಿ ಕಾಣಿಸಿಕೊಂಡಿತು. 2022ರ ಸೆಪ್ಟೆಂಬರಿನ ಮಳೆಗೆ ಹೊರ ವರ್ತುಲ ರಸ್ತೆ, ಬೆಳ್ಳಂದೂರು, ಮಹದೇವಪುರ ಮುಳುಗಿ, ಕಂಪನಿ ನೌಕರರು ಟ್ರ್ಯಾಕ್ಟರ್ ಏರಿ ಕಚೇರಿಗೆ ಹೋದರು. ಅದು ಮಳೆಯ ತಪ್ಪಲ್ಲ. ಕೋಡಿ ಮುಚ್ಚಿ, ರಾಜಕಾಲುವೆ ಕಿರಿದಾಗಿಸಿ, ಗದ್ದೆ ಬಯಲಿಗೆ ಮಣ್ಣು ತುಂಬಿದ ಮೇಲೆ ನೀರು ತನ್ನ ಹಳೆಯ ದಾರಿಯಲ್ಲೇ ಬಂದಿತು. ಹಳೆಯ ಗ್ರಾಮ ನಕ್ಷೆಯಲ್ಲಿ ಆ ದಾರಿಗಳೆಲ್ಲ ಗುರುತಾಗಿಯೇ ಇವೆ.

ಇಲ್ಲೊಂದು ಒಳ್ಳೆಯ ಮಾತೂ ಹೇಳಬೇಕು. 2018ರಿಂದ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ನೀರು ಕೋಲಾರದ ಕೆರೆಗಳಿಗೆ ಹೋಗುತ್ತಿದೆ. ನೂರಾರು ಅಡಿ ಕೊರೆದರೂ ನೀರು ಸಿಗದ ನಾಡಿನಲ್ಲಿ ಅಂತರ್ಜಲ ಮೇಲೆದ್ದಿದೆ. ಮೂರನೇ ಹಂತದ ಸಂಸ್ಕರಣೆ ಬೇಕು ಎಂದು ಅಲ್ಲಿನ ಹೋರಾಟಗಾರರು ಕೇಳುತ್ತಿರುವುದು ಸರಿಯಾಗಿದೆ. ಬೆಂಗಳೂರಿನ ಕೊಳಕು ಅವರ ತೊಟ್ಟಿಗೆ ಬೀಳಬಾರದು. ಅದನ್ನು ಸರಿಪಡಿಸಿದರೆ ನಗರ ಬಳಸಿದ ನೀರನ್ನು ಹಳ್ಳಿಗೆ ಹಿಂದಿರುಗಿಸುವ ಈ ಪ್ರಯೋಗದಿಂದ ಕಲಿಯಲು ಬಹಳ ಇದೆ.

ಕಸದ ವಿಚಾರದಲ್ಲಿ ಹಳ್ಳಿಗೆ ಹೋದದ್ದು ಕಸವೇ. ಮಾವಳ್ಳಿಪುರದವರು ತಮ್ಮೂರಲ್ಲಿ ಕಸ ಸುರಿಯುವ ಜಾಗದ ಬಾಗಿಲು ಮುಚ್ಚಿಸಿದರು, 2012ರಲ್ಲಿ ನಗರದ ಬೀದಿಗಳು ನಾರಿದವು, ಮಂಡೂರಿನ ಜನ ಹೋರಾಡಿ 2014ರ ಕೊನೆಗೆ ಲಾರಿಗಳನ್ನು ನಿಲ್ಲಿಸಿದರು. ಹಸಿ-ಒಣ ವಿಂಗಡಣೆ ಆ ಹೋರಾಟಗಳ ಫಲ, ಪಾಲಿಕೆ ತಾನಾಗಿ ಕೊಟ್ಟದ್ದಲ್ಲ.

ಸಾರಿಗೆಯಲ್ಲೂ ಅದೇ ಕ್ರಮಭಂಗ. ಎಲೆಕ್ಟ್ರಾನಿಕ್ ಸಿಟಿ ಶುರುವಾದದ್ದು 1978ರಲ್ಲಿ, ಅಲ್ಲಿಗೆ ಮೆಟ್ರೊ ಬಂದದ್ದು 2025ರ ಆಗಸ್ಟ್‌ನಲ್ಲಿ. ಉಪನಗರ ರೈಲಿನ ಮಾತು 1980ರ ದಶಕದ್ದು, ಶಂಕುಸ್ಥಾಪನೆ 2022ರಲ್ಲಿ. ಈ ನಡುವೆ ವಾಹನಗಳ ಸಂಖ್ಯೆ ಒಂದು ಕೋಟಿ ದಾಟಿತು. ಮೇಲ್ಸೇತುವೆ, ಸುರಂಗಗಳ ಬಗ್ಗೆ ನಡೆಯುವಷ್ಟು ಚರ್ಚೆ ಬಿಎಂಟಿಸಿ ಬಸ್ಸಿನ ಬಗ್ಗೆ ನಡೆಯುವುದಿಲ್ಲ. ದಿನಕ್ಕೆ ಸುಮಾರು 40 ಲಕ್ಷ ಪ್ರಯಾಣ ಆಗುವುದು ಅದರಲ್ಲೇ. 2023ರ ಜೂನ್‌ನಲ್ಲಿ ಮಹಿಳೆಯರಿಗೆ ಬಸ್ ಪ್ರಯಾಣ ಉಚಿತ ಮಾಡಿದ ಶಕ್ತಿ ಯೋಜನೆ ಬಂದ ಮೇಲೆ ಗಾರ್ಮೆಂಟ್ಸ್ ಹೆಣ್ಣುಮಕ್ಕಳಿಗೆ, ಮನೆಗೆಲಸದವರಿಗೆ ದೂರದ ಕೆಲಸವೂ ಎಟಕುವಂತಾಯಿತು. ಬ್ರೆಜಿಲ್‌ನ ಕುರಿಟಿಬಾ 1974ರಲ್ಲೇ ಬಸ್ಸಿಗೆ ಪ್ರತ್ಯೇಕ ಪಥ ಮಾಡಿ, ಆ ಪಥದ ಇಕ್ಕೆಲದಲ್ಲಿ ಮಾತ್ರ ಎತ್ತರದ ಕಟ್ಟಡಕ್ಕೆ ಅವಕಾಶ ಕೊಟ್ಟಿತು. ಅಲ್ಲಿ ಬಸ್ ಮೊದಲು, ಮಹಡಿ ಆಮೇಲೆ.

ಇಷ್ಟೆಲ್ಲಕ್ಕೆ ಹೊಣೆ ಯಾರದ್ದು ಎಂದು ಕೇಳಿದರೆ ಬೆರಳು ತೋರಿಸಲು ಒಬ್ಬರು ಸಿಗುವುದಿಲ್ಲ. ನಿವೇಶನ ಬಿಡಿಎಯದ್ದು, ನೀರು ಜಲಮಂಡಳಿಯದ್ದು, ಬಸ್ ಬಿಎಂಟಿಸಿಯದ್ದು, ಮೆಟ್ರೊ ಮತ್ತೊಂದು ನಿಗಮದ್ದು, ವಿದ್ಯುತ್ ಬೆಸ್ಕಾಂನದ್ದು. ಜನ ಓಟು ಹಾಕಿ ಆರಿಸುವ ಪಾಲಿಕೆಗೆ ಉಳಿದದ್ದು ರಸ್ತೆಗುಂಡಿ, ಕಸ, ಬೀದಿದೀಪ. 1992ರ ಸಂವಿಧಾನದ 74ನೇ ತಿದ್ದುಪಡಿ ನಗರ ಯೋಜನೆಯನ್ನು ಸ್ಥಳೀಯ ಸಂಸ್ಥೆಗಳ ಕೈಗೆ ಕೊಡಬೇಕೆಂದಿತ್ತು, ಹೆಚ್ಚಿನ ರಾಜ್ಯಗಳು ಕೊಡಲಿಲ್ಲ. ಬೆಂಗಳೂರಿನ ಪಾಲಿಕೆಗೆ ಕೊನೆಯ ಚುನಾವಣೆ ನಡೆದದ್ದು 2015ರಲ್ಲಿ, ಆ ಸದಸ್ಯರ ಅವಧಿ 2020ರ ಸೆಪ್ಟೆಂಬರ್‌ಗೆ ಮುಗಿಯಿತು. 2022ರ ಪ್ರವಾಹ, 2024ರ ಬರ ಎರಡೂ ಬಂದಾಗ ಬಾಗಿಲು ತಟ್ಟಲು ಕಾರ್ಪೊರೇಟರ್ ಇರಲಿಲ್ಲ. 2025ರ ಸೆಪ್ಟೆಂಬರಿನಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಅಡಿಯಲ್ಲಿ ಐದು ಪಾಲಿಕೆಗಳಾಗಿವೆ. ಪಾಲಿಕೆ ಚಿಕ್ಕದಾದರೆ ಜನರಿಗೆ ಹತ್ತಿರವಾಗಬಹುದು. ಆದರೆ ಮೇಲಿನ ಪ್ರಾಧಿಕಾರಕ್ಕೆ ಮುಖ್ಯಮಂತ್ರಿಯೇ ಅಧ್ಯಕ್ಷರಾಗಿರುವಾಗ ಕೆಳಗಿನ ಮೇಯರ್‌ಗೆ ಎಷ್ಟು ಅಧಿಕಾರ ಎಂಬ ಅನುಮಾನ ನನಗಿದೆ.

ಬಡ ದೇಶದ ನಗರಕ್ಕೆ ಇದೆಲ್ಲ ಸಾಧ್ಯವೇ ಎಂದು ಕೇಳುವವರಿಗೆ ನಾನು ಮೊದಲು ಹೇಳುವ ಹೆಸರು ಕಾಂಬೋಡಿಯಾದ ರಾಜಧಾನಿ ನಾಮ್ ಪೆನ್. ನರಮೇಧ, ಯುದ್ಧಗಳಿಂದ ಜರ್ಜರಿತವಾಗಿದ್ದ ಆ ಊರಿನಲ್ಲಿ 1993ರಲ್ಲಿ ಕೊಳವೆಗೆ ಬಿಟ್ಟ ನೀರಿನಲ್ಲಿ ಶೇ 70ಕ್ಕೂ ಹೆಚ್ಚು ಸೋರಿಕೆ, ಕಳ್ಳತನಕ್ಕೆ ಹೋಗುತ್ತಿತ್ತು. ಎಕ್ ಸೊನ್ ಚಾನ್ ಎಂಬ ಎಂಜಿನಿಯರ್ ಜಲಸಂಸ್ಥೆಯ ಮುಖ್ಯಸ್ಥರಾದರು. ಎಲ್ಲ ಮನೆಗೂ ಮೀಟರ್ ಹಾಕಿಸಿದರು, ಬಲಿಷ್ಠರ ಅಕ್ರಮ ಸಂಪರ್ಕ ಕಿತ್ತರು, ಸಿಬ್ಬಂದಿಯ ಸಂಬಳ ಏರಿಸಿ ಲಂಚಕ್ಕೆ ಶಿಕ್ಷೆ ಕೊಟ್ಟರು, ಕಡುಬಡವರಿಗೆ ಸಂಪರ್ಕದ ಶುಲ್ಕದಲ್ಲಿ ರಿಯಾಯಿತಿ ಕೊಟ್ಟರು. ಸುಮಾರು ಹದಿನೈದು ವರ್ಷಗಳಲ್ಲಿ ಸೋರಿಕೆ ಶೇ 6ರ ಆಸುಪಾಸಿಗೆ ಇಳಿಯಿತು, ನಗರದ ಬಹುತೇಕ ಎಲ್ಲರಿಗೂ ದಿನದ 24 ಗಂಟೆ ಕುಡಿಯಬಹುದಾದ ನೀರು ಬಂತು. 2006ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಸಂದಿತು. ಬೆಂಗಳೂರಿನಲ್ಲಿ ಒಂದು ಕಾಲದಲ್ಲಿ ಅರ್ಧದ ಹತ್ತಿರ ಇದ್ದ ಲೆಕ್ಕಕ್ಕೆ ಸಿಗದ ನೀರು ಕಡಿಮೆಯಾಗುತ್ತ ಬಂದಿದ್ದರೂ ಕಾಲುಭಾಗಕ್ಕಿಂತ ಹೆಚ್ಚೇ ಇದೆ. ಅಷ್ಟು ಉಳಿಸಿದರೆ ಕಾವೇರಿ ಐದನೇ ಹಂತದ ಅರ್ಧಕ್ಕಿಂತ ಹೆಚ್ಚು ನೀರು ಊರೊಳಗೇ ಸಿಕ್ಕಂತೆ.

ಭೂಮಿಗೆ ಗುಜರಾತಿನ ಕಡೆ ನೋಡಬೇಕು. 1915ರ ಬಾಂಬೆ ನಗರ ಯೋಜನಾ ಕಾಯ್ದೆಯಿಂದ ಬಂದ ಪದ್ಧತಿಯನ್ನು ಅಹಮದಾಬಾದ್ ಇಂದಿಗೂ ಬಳಸುತ್ತಿದೆ. ಅಂಚಿನ ನೂರಾರು ಎಕರೆಯನ್ನು ಒಟ್ಟಿಗೆ ಸೇರಿಸಿ, ಪ್ರತಿಯೊಬ್ಬ ಮಾಲೀಕನಿಂದ ಒಂದು ಪಾಲು ರಸ್ತೆ, ಪಾರ್ಕು, ಶಾಲೆ, ಬಡವರ ಮನೆಗಳಿಗೆ ತೆಗೆದು, ಉಳಿದದ್ದನ್ನು ಸರಿಯಾದ ಆಕಾರದ ನಿವೇಶನವಾಗಿ ಅವನಿಗೇ ಹಿಂದಿರುಗಿಸುತ್ತಾರೆ. ಅವನ ಭೂಮಿ ಕಡಿಮೆಯಾಗುತ್ತದೆ, ಬೆಲೆ ಏರುತ್ತದೆ, ಒಕ್ಕಲೆಬ್ಬಿಸುವ ಮಾತಿಲ್ಲ. ಅಹಮದಾಬಾದ್ ಸುತ್ತಲಿನ 76 ಕಿಲೋಮೀಟರ್ ವರ್ತುಲ ರಸ್ತೆಯ ಬಹುಪಾಲು ಭೂಮಿ ಬಂದದ್ದು ಹೀಗೆ. ನಮ್ಮಲ್ಲಿ ಇನ್ನೂ ಸ್ವಾಧೀನದ ದಾರಿಯೇ. ದೇವನಹಳ್ಳಿಯ ಚನ್ನರಾಯಪಟ್ಟಣ ಹೋಬಳಿಯ ರೈತರು 1,777 ಎಕರೆ ಸ್ವಾಧೀನದ ವಿರುದ್ಧ ಮೂರು ವರ್ಷಕ್ಕೂ ಹೆಚ್ಚು ಕಾಲ ಧರಣಿ ಕೂತರು, 2025ರ ಜುಲೈನಲ್ಲಿ ಸರ್ಕಾರ ಕೈಬಿಟ್ಟಿತು. ಬಿಡದಿಯಲ್ಲಿ ಭೂಸ್ವಾಧೀನದ ವಿರುದ್ಧ ಇನ್ನೊಂದು ಧರಣಿ ಎದ್ದಿದೆ. ಹೊಲ ಉಳಿಸಿಕೊಳ್ಳಬೇಕೆನ್ನುವ ರೈತನಿಗೆ ಬೇಡವೆನ್ನುವ ಹಕ್ಕು ಇರಬೇಕು. ಮಾರಲೇಬೇಕೆಂದಿರುವವನಿಗೆ ಏಜೆಂಟನ ಸುಣ್ಣದ ಗೆರೆಯಲ್ಲದೆ ಬೇರೆ ದಾರಿಯೂ ಇರಬೇಕು.

ಈಗಾಗಲೇ ಕಟ್ಟಿ ಮುಗಿದ ಬಡಾವಣೆಗಳಿಗೆ ಕರಾಚಿಯ ಓರಂಗಿಯಲ್ಲಿ ಪಾಠ ಇದೆ. 1980ರಲ್ಲಿ ಸಮುದಾಯ ಅಭಿವೃದ್ಧಿಯ ಕೆಲಸಗಾರ ಅಖ್ತರ್ ಹಮೀದ್ ಖಾನ್ ಅಲ್ಲಿಗೆ ಹೋದಾಗ ಅದು ಚರಂಡಿ ಇಲ್ಲದ ದೊಡ್ಡ ಅನಧಿಕೃತ ವಸತಿ. ಓಣಿಯ ಜನ ತಾವೇ ಹಣ ಹಾಕಿ ಮನೆಯ ಶೌಚಾಲಯದಿಂದ ಓಣಿಯ ಕೊಳವೆಯವರೆಗೆ ಕಟ್ಟಿಕೊಂಡರು. ದೊಡ್ಡ ಕಾಲುವೆ, ಸಂಸ್ಕರಣೆ ಸರ್ಕಾರದ ಪಾಲು. ಲಕ್ಷದ ಹತ್ತಿರ ಮನೆಗಳಿಗೆ ಒಳಚರಂಡಿ ಬಂದದ್ದು ಈ ಹಂಚಿಕೆಯಿಂದ. ನಮ್ಮ ರೆವಿನ್ಯೂ ಬಡಾವಣೆಗಳ ಜನ ಬೋರ್‌ವೆಲ್, ರಸ್ತೆಯ ಜಲ್ಲಿ, ಬೀದಿದೀಪ ಎಲ್ಲಕ್ಕೂ ಕೈಯಿಂದ ಹಾಕಿದ್ದಾರೆ. ಅವರ ದುಡಿಮೆಗೆ ಜೋಡಿಸಬೇಕಾದ ದೊಡ್ಡ ಕಾಲುವೆಯಷ್ಟೇ ಬಂದಿಲ್ಲ.

ಬೆಂಗಳೂರಿನಲ್ಲಿ ಇನ್ನು ದುರಸ್ತಿಯೇ ಹೆಚ್ಚು. ಕ್ರಮವನ್ನು ನೇರ ಮಾಡುವ ಅವಕಾಶ ಈಗ ಇರುವುದು ಬೇರೆ ಊರುಗಳಲ್ಲಿ. ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿಯ ಕೆಲವು ವಾರ್ಡುಗಳಲ್ಲಿ 2008ರ ಹೊತ್ತಿಗೇ 24 ಗಂಟೆ ನೀರು ಕೊಟ್ಟು ತೋರಿಸಿದ್ದಾರೆ. ವಾರಕ್ಕೊಮ್ಮೆ ನೀರು ಕಾಣುತ್ತಿದ್ದ ಓಣಿಗಳವು. ಅವಳಿ ನಗರದ ನಡುವೆ 2018ರಿಂದ ‘ಚಿಗರಿ’ ಬಸ್ಸುಗಳು ತಮ್ಮದೇ ಪಥದಲ್ಲಿ ಓಡುತ್ತಿವೆ. ಕೊರತೆಗಳಿವೆ, ತಗಾದೆಗಳಿವೆ, ಆದರೂ ಬೆಂಗಳೂರಿಗಿಂತ ಮೊದಲೇ ಆ ಊರು ಅದನ್ನು ಮಾಡಿದೆ. ಇಂಥ ಊರುಗಳಲ್ಲಿ ಉದ್ಯೋಗ ಬೆಳೆದರೆ ಗುಳೆಯ ದಾರಿಯೂ ಚಿಕ್ಕದಾಗುತ್ತದೆ, ಯಾದಗಿರಿಯ ತಾಯಿ ಮಗುವನ್ನು ಶಾಲೆ ಬಿಡಿಸಿ ಬೆಂಗಳೂರಿನ ಶೆಡ್ಡಿಗೆ ಕರೆದೊಯ್ಯಬೇಕಾಗುವುದಿಲ್ಲ.

ಆದರೆ ಕಾಲ ಹೆಚ್ಚಿಲ್ಲ. 2011ರ ನಂತರದ ಜನಗಣತಿ 2027ಕ್ಕೆ ಹೋಗಿದೆ. ಅಲ್ಲಿಯವರೆಗೆ ವಾರ್ಡಿನ ಗಾತ್ರ, ನೀರಿನ ಅಂದಾಜು, ಅನುದಾನ ಎಲ್ಲಕ್ಕೂ ಹಳೆಯ ಅಂಕಿಯೇ ಆಧಾರ. ಅದಕ್ಕೆ ಕಾಯುತ್ತ ಕೂರಬೇಕಾಗಿಲ್ಲ. ದಾವಣಗೆರೆ, ಶಿವಮೊಗ್ಗ, ವಿಜಯಪುರ, ತುಮಕೂರಿನ ಹೊರವಲಯದಲ್ಲಿ ಲೇಔಟಿಗೆ ಅನುಮೋದನೆ ಕೇಳಿ ಬರುವ ಪ್ರತಿ ಕಡತದಲ್ಲೂ ಹಳೆಯ ಗ್ರಾಮ ನಕ್ಷೆ ಲಗತ್ತಾಗಿರಬೇಕು. ಕೆರೆಯ ಕೋಡಿ ಎಲ್ಲಿ, ಕಾಲುವೆ ಯಾವ ಸರ್ವೆ ನಂಬರಿನಲ್ಲಿ ಹಾಯುತ್ತದೆ, ನೀರು ಎಲ್ಲಿಂದ ಬರುತ್ತದೆ, ಕೊಳಚೆ ಎಲ್ಲಿಗೆ ಹೋಗುತ್ತದೆ ಎಂದು ಅದರಲ್ಲಿ ಬರೆದಿರಬೇಕು. ಈ ನಾಲ್ಕು ಪ್ರಶ್ನೆಗಳಿಗೆ ಉತ್ತರ ಇಲ್ಲದ ಸೈಟು ನೋಂದಣಿಯಾಗಕೂಡದು ಎಂದು ಆಯಾ ಊರಿನ ಪಾಲಿಕೆ ಸದಸ್ಯರು, ಪತ್ರಕರ್ತರು, ವಕೀಲರು ಮೊದಲ ಕಲ್ಲು ನೆಡುವ ಮೊದಲೇ ಕೇಳಬೇಕು.